ಬೀಗದ ಮನೆ ಬಿಲ್ಲು

ಡಾಕ್ಟರಮ್ಮ ಯಾರನ್ನು ಒಳ್ಳೆ ಗುಂಪಿನವರು ಎಂದಿದ್ದರೋ ಆ ಮನುಷ್ಯ ಸತ್ತುಹೋದ. ಇದು ಅವನ ಹೆಂಡತಿಯ ತಲೆಗೆ ಹತ್ತಲಿಲ್ಲ. ಮುಖದ ಮೇಲೆ ಬಟ್ಟೆ ಎಳೆದಾದ ಮೇಲೂ ಅವಳು ನರ್ಸಿನ ತೋಳು ಹಿಡಿದು ಹೇಳಿದಳು:

"ಇವರದ್ದು ಒಳ್ಳೆ ಗುಂಪು ಕಣಮ್ಮ. ಇನ್ನೊಂದ್ಸಲ ನೋಡಿ."

ನರ್ಸು ಎಳೆದ ಬಟ್ಟೆಯ ಅಂಚು ಸರಿಮಾಡಿದಳು. ಆ ವಾರ್ಡಿನಲ್ಲಿ ಎದೆ ಬಡಿದುಕೊಳ್ಳುವವರನ್ನು ಕಂಡಿದ್ದಳು. ಡಾಕ್ಟರ ಕಾಲರು ಹಿಡಿದವರನ್ನೂ ಕಂಡಿದ್ದಳು. ಸತ್ತವನು ಸಾಯುವವನಲ್ಲ, ಎಲ್ಲೋ ತಪ್ಪಾಗಿದೆ ಎಂದು ಅಂಗಡಿಯಲ್ಲಿ ಸಾಮಾನು ವಾಪಸು ಕೊಡುವ ದನಿಯಲ್ಲಿ ಹೇಳುವವಳನ್ನು ಕಂಡಿರಲಿಲ್ಲ.

ಮಗಳು ಅತ್ತಳು. ಹೆಂಡತಿ ಅಳಲಿಲ್ಲ. ಅಳು ಬರಬೇಕಾದರೆ ಮೊದಲು ನಂಬಬೇಕಲ್ಲ. ಅವಳು ನಂಬಿರಲಿಲ್ಲ.

ಬದುಕಿದ್ದಾಗ ಅವನನ್ನು ಎಲ್ಲರೂ ಮೀಟರಣ್ಣ ಎನ್ನುತ್ತಿದ್ದರು. ಹೆತ್ತವರಿಟ್ಟ ಹೆಸರು ಕಚೇರಿಯ ಹಾಜರಿಯಲ್ಲಷ್ಟೇ ಇತ್ತು. ಮನೆಮನೆಗೆ ಹೋಗಿ ಕರೆಂಟಿನ ಮೀಟರು ನೋಡಿ, ಅಂಕಿ ಬರೆದುಕೊಂಡು, ಬಿಲ್ಲು ಹರಿದು ಕೊಡುವುದು ಅವನ ಕೆಲಸ. ಮೀಟರನ್ನು ಯಾರೂ ಕಣ್ಣಿಗೆ ಕಾಣುವ ಕಡೆ ಇಡಿಸುವುದಿಲ್ಲ. ಮೆಟ್ಟಿಲ ಕೆಳಗೆ, ಕಕ್ಕಸಿನ ಹಿಂದೆ, ಮುರಿದ ಸೈಕಲ್ಲು, ಹಳೇ ಚಪ್ಪಲಿಗಳ ಆಚೆ, ಜೇಡ ಬಲೆ ಕಟ್ಟಿಕೊಂಡ ಮೂಲೆಯಲ್ಲಿ ಇಡಿಸುತ್ತಾರೆ. ಅದಕ್ಕೆ ಅವನ ಕೈಯಲ್ಲಿ ಸದಾ ಒಂದು ಟಾರ್ಚು, ಒಂದು ಕೊಡೆ. ಕೊಡೆ ಮಳೆಗಲ್ಲ, ನಾಯಿಗೆ. ನಾಯಿ ಎಗರಿ ಬಂದರೆ ಅದರ ಮುಖಕ್ಕೆ ಪಟ್ಟನೆ ಕೊಡೆ ಬಿಚ್ಚುತ್ತಿದ್ದ. ನಾಯಿ ಕಕ್ಕಾಬಿಕ್ಕಿಯಾಗಿ ಕೂತುಬಿಡುತ್ತಿತ್ತು. ಕಚ್ಚಿಸಿಕೊಂಡು ಕಲಿತ ವಿದ್ಯೆ ಅದು.

ಅಂಕಿ ನೋಡಿದರೆ ಅವನಿಗೆ ಮನೆಯ ಒಳಗು ಗೊತ್ತಾಗುತ್ತಿತ್ತು. ಈ ಮನೆಗೆ ನೆಂಟರು ಬಂದಿದ್ದಾರೆ, ಆ ಮನೆಯಲ್ಲಿ ಯಾರೋ ಮಲಗಿದ ಜಾಗ ಬಿಟ್ಟು ಏಳುತ್ತಿಲ್ಲ, ಇನ್ನೊಂದು ಮನೆಯಲ್ಲಿ ಗಂಡ ಹೆಂಡತಿ ಬೇರೆ ಬೇರೆ ಕೋಣೆಯಲ್ಲಿ ಫ್ಯಾನು ಹಾಕಿಕೊಳ್ಳುತ್ತಿದ್ದಾರೆ. ಗೊತ್ತಾದದ್ದನ್ನು ಹೊರಗೆ ಬಿಡುತ್ತಿರಲಿಲ್ಲ. ಹೆಂಡತಿ ಎಷ್ಟು ಕೆದಕಿದರೂ "ಅದು ಅವರ ಕರೆಂಟು ಕಣೆ" ಎಂದು ಮಾತು ಹಾರಿಸುತ್ತಿದ್ದ.

ಅವನಿಗೆ ಆಗದಿದ್ದದ್ದು ಒಂದೇ, ಬೀಗದ ಮನೆ ಬಿಲ್ಲು. ಮೀಟರು ನೋಡಲು ಹೋದಾಗ ಮನೆಗೆ ಬೀಗವಿದ್ದರೆ ಹಿಂದಿನ ತಿಂಗಳುಗಳ ಸರಾಸರಿ ತೆಗೆದು ಬಿಲ್ಲು ಹಾಕಬಹುದು ಎಂದು ಕಚೇರಿಯ ನಿಯಮವಿತ್ತು. ಮುಂದಿನ ಸಲ ನಿಜವಾದ ಅಂಕಿ ಸಿಕ್ಕಾಗ ಹೆಚ್ಚುಕಡಿಮೆ ಸರಿಹೋಗುತ್ತದೆ. ಉಳಿದ ಮೀಟರಿನವರಿಗೆ ಈ ನಿಯಮ ಅಂದರೆ ಪ್ರಾಣ. ಟೀ ಅಂಗಡಿಯಲ್ಲಿ ಕಾಲು ಚಾಚಿ ಕೂತು, ಮಕ್ಕಳು ಮರಿ ತುಂಬಿದ್ದ ಬೀದಿಗೆ ಬೀದಿಯನ್ನೇ ಬೀಗ ಹಾಕಿಸಿಬಿಡುತ್ತಿದ್ದರು. ಮೀಟರಣ್ಣ ಮಾತ್ರ ಬೆಳಗ್ಗೆ ಬೀಗ ಕಂಡರೆ ಸಂಜೆ ಮತ್ತೆ ಹೋಗುತ್ತಿದ್ದ. ಸಂಜೆಯೂ ಬೀಗವಿದ್ದರೆ ಕಾಂಪೌಂಡು ಹತ್ತಿ ಕಿಟಕಿಯಿಂದ ಟಾರ್ಚು ಬಿಡುತ್ತಿದ್ದ. ಒಮ್ಮೆ ಹಾಗೆ ಹತ್ತಿದಾಗ ಪಕ್ಕದ ಮನೆಯವರು ಕಳ್ಳ ಎಂದು ಹಿಡಿದು ಕೂರಿಸಿದ್ದರು. ಕಳ್ಳನೇ ಅವರಿಗೂ ಬಿಲ್ಲು ಕೊಟ್ಟು ಬಂದ.

"ಸರಾಸರಿ ಹಾಕಿ ಮನೇಲಿ ಬಿದ್ಕೊಳಕ್ಕೇನ್ರಿ ದಾಡಿ?" ಎಂದು ಹೆಂಡತಿ ಬೈದರೆ ಅವನು ಹೇಳುತ್ತಿದ್ದ: "ಸರಾಸರಿ ಅಂದ್ರೆ ಆ ಮನೇಲಿ ಯಾರೂ ಸತ್ತಿಲ್ಲ, ಯಾರೂ ಹುಟ್ಟಿಲ್ಲ ಅಂತ ಕಣೆ. ನಂಗೆ ಹೇಗೆ ಗೊತ್ತು?"

ಅವಳು ಓದಿದ್ದು ಅಷ್ಟಕ್ಕಷ್ಟೆ. ಹೋಟೆಲಿನ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುವ ಕೆಲಸ. ಮದುವೆಯಾದ ಹೊಸದರಲ್ಲಿ ಅವನು ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಸೊಂಟ ಹಿಡಿದುಕೊಂಡು, ಮನೆಯ ಮೀಟರು ಓದುವುದನ್ನು ಕಲಿಸಿದ್ದ. ಮೀಟರು ಕಲಿಸಲು ಸೊಂಟ ಯಾಕೆ ಹಿಡಿಯಬೇಕು ಎಂದು ಅವಳು ಕೇಳಿದ್ದಳು. ಬಿದ್ದರೆ ಕಚೇರಿಯವರು ಪರಿಹಾರ ಕೊಡುವುದಿಲ್ಲ ಎಂದಿದ್ದ.

ಅವನ ಕೆಲಸದಲ್ಲಿ ಅವಳಿಗೆ ಮರೆಯದೆ ಉಳಿದದ್ದು ಒಬ್ಬ ಮುದುಕಿಯ ಕತೆ. ಮಹಡಿ ಮನೆಯೊಂದರಲ್ಲಿ ಕೆಳಗಿನ ಮುದುಕಿಗೆ ಬಿಲ್ಲು ಬೆಟ್ಟದಷ್ಟು ಬರುತ್ತಿತ್ತು. ಇದ್ದದ್ದು ಒಂದು ಬಲ್ಬು, ಒಂದು ರೇಡಿಯೋ. ಮೀಟರಣ್ಣ ಮುದುಕಿಯ ಮನೆಯ ಮೇನ್ ಸ್ವಿಚ್ಚು ಆರಿಸಿ ಬಂದು ಬೋರ್ಡಿನ ಮುಂದೆ ನಿಂತ. ತಿರುಗುವುದು ನಿಂತದ್ದು ಮುದುಕಿಯ ಮೀಟರಿನದ್ದಲ್ಲ, ಮೇಲಿನ ಮನೆಯ ಹೆಸರಿದ್ದ ಮೀಟರಿನ ಚಕ್ರ. ಕೂರಿಸುವಾಗಲೇ ಯಾರೋ ಅದಲುಬದಲು ಮಾಡಿದ್ದರು. ಮೇಲಿನವರು ಕಾಯಿಸಿಕೊಂಡ ಬಿಸಿನೀರಿಗೆಲ್ಲ ಮುದುಕಿ ಬಿಲ್ಲು ಕಟ್ಟಿದ್ದಳು. "ಅಂಕಿ ಸರಿಯಾಗೇ ಇತ್ತು ಕಣೆ. ಅದು ಯಾರ ಅಂಕಿ ಅನ್ನೋದು ತಪ್ಪಾಗಿತ್ತು" ಎಂದು ಮನೆಗೆ ಬಂದು ಹೇಳಿದ್ದ. ಆ ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು.

ಕಾಯಿಲೆ ಬಂದದ್ದು ಒಂದು ತಮಾಷೆಯ ವೇಷದಲ್ಲಿ. ಒಂದು ಮನೆಯ ಅಜ್ಜ ಬಾಗಿಲಲ್ಲೇ ಅವನ ಮುಖ ನೋಡಿ, ಏನಯ್ಯಾ ಮೀಟರಣ್ಣ, ಕಣ್ಣಿಗೆ ಹಳದಿ ಬಲ್ಬು ಹಾಕಿಸಿದೀಯಾ ಎಂದು ಕೇಳಿದನಂತೆ. ಅದನ್ನು ಅವನು ನಗುತ್ತಾ ಮನೆಗೆ ತಂದ. ಅವಳೂ ನಕ್ಕಳು. ಆಮೇಲೆ ಅವನನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದಳು. ಕಣ್ಣಿನ ಬಿಳಿ ಎಲ್ಲಿತ್ತೋ ಅಲ್ಲಿ ಬಿಳಿ ಇರಲಿಲ್ಲ. ಎಷ್ಟು ದಿನದಿಂದ ಹೀಗಿದ್ದನೋ. ಒಂದೇ ಹಾಸಿಗೆಯಲ್ಲಿ ಮಲಗುವವಳಿಗೆ ಕಾಣದ್ದು ಬೀದಿಯ ಅಜ್ಜನಿಗೆ ಕಂಡಿತ್ತು.

ದೊಡ್ಡಾಸ್ಪತ್ರೆಯಲ್ಲಿ ಮೇದೋಜೀರಕ ಗ್ರಂಥಿ ಎಂದರು. ಅದರ ತಲೆಭಾಗದಲ್ಲಿ ಗಡ್ಡೆ. ಕ್ಯಾನ್ಸರು. ಆ ಮಾತು ಬಿದ್ದಾಗ ಅವಳ ಕೈಯಲ್ಲಿದ್ದ ಚೀಲ ನೆಲಕ್ಕೆ ಜಾರಿತು, ಒಳಗಿನ ಟಿಫಿನ್ ಡಬ್ಬಿ ಬಿದ್ದ ಸದ್ದಿಗೆ ಕೋಣೆಯವರೆಲ್ಲ ತಿರುಗಿದರು. ಅವನೇ ಬಗ್ಗಿ ಎತ್ತಿಕೊಟ್ಟ. ಹೊರಗೆ ಬೆಂಚಿನ ಮೇಲೆ ಕೂತಾಗ, ಆ ಗ್ರಂಥಿ ಹೊಟ್ಟೆಯ ಹಿಂದೆ ಇರುತ್ತದಂತೆ, ಯಾರ ಕಣ್ಣಿಗೂ ಬೀಳದಂತೆ ಎಂದು ಹೇಳಿ, "ಮೆಟ್ಲು ಕೆಳಗಿನ ಮೀಟ್ರು ನೋಡು" ಎಂದ. ಅವಳು ನಗಲಿಲ್ಲ.

ಕಾಯಿಲೆ ಇನ್ನೂ ಹರಡಿರಲಿಲ್ಲ, ಆಪರೇಷನ್ ಮಾಡಬಹುದಿತ್ತು. ಆ ಡಾಕ್ಟರಮ್ಮ ಸಮಾಧಾನದ ಹೆಂಗಸು. ಗಡಿಯಾರ ನೋಡದೆ ಮಾತಾಡುವವರು. ಆಪರೇಷನ್ನಿಗೆ ಮೊದಲು ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು: ತೆಗೆದ ಗಡ್ಡೆಯ ಒಂದು ಚೂರನ್ನು ಅಲ್ಲೇ ಕೂಡಲೇ ಹೆಪ್ಪುಗಟ್ಟಿಸಿ ಇಡುತ್ತೇವೆ. ಒಂದು ಅಧ್ಯಯನ ನಡೆಯುತ್ತಿದೆ, ನೀವು ಒಪ್ಪಿದರೆ ಆ ಚೂರಿನಲ್ಲಿ ಜೀನುಗಳ ಓಡಾಟ ಅಳೆಯುತ್ತೇವೆ. ಮೈಯ ಎಲ್ಲ ಕಣಗಳಲ್ಲೂ ಇರುವುದು ಅವೇ ಜೀನುಗಳು. ಆದರೆ ಎಲ್ಲವೂ ಎಲ್ಲ ಕಡೆ ಕೆಲಸ ಮಾಡುವುದಿಲ್ಲ. ಕೆಲವು ಜೋರಾಗಿರುತ್ತವೆ, ಕೆಲವು ಸುಮ್ಮನಿರುತ್ತವೆ. ಯಾವುದು ಎಷ್ಟು ಜೋರು ಎಂದು ನೋಡಿದರೆ ಗಡ್ಡೆ ಎಂಥ ಸ್ವಭಾವದ್ದು, ಮುಂದೆ ಹೇಗೆ ನಡೆದುಕೊಳ್ಳಬಹುದು ಎಂದು ಅಂದಾಜು ಸಿಗುತ್ತದೆ.

ಮೀಟರಣ್ಣನ ಮುಖ ಅರಳಿತು. ಕಾಯಿಲೆ ಗೊತ್ತಾದ ಮೇಲೆ ಮೊದಲ ಸಲ.

"ಅಂದ್ರೆ ವೈರಿಂಗು ಎಲ್ಲ ಮನೇಲೂ ಒಂದೇ. ಯಾವ ಮನೇಲಿ ಏನು ಉರೀತಿದೆ ಅಂತ ನೋಡೋದು."

ಡಾಕ್ಟರಮ್ಮ ಅದೇ ಅದೇ ಎಂದು ನಕ್ಕರು. ಇದು ಇನ್ನೂ ಕಲಿಯುತ್ತಿರುವ ಪರೀಕ್ಷೆ, ಇದನ್ನು ನೋಡಿ ನಿಮ್ಮ ಔಷಧಿ ಬದಲಿಸುವುದಿಲ್ಲ ಎಂದೂ ಹೇಳಿದರು. ಅವನು ಆ ಮಾತಿಗೆ ತಲೆಯಾಡಿಸಿದ. ಆದರೆ ಫಲ ಏನು ಬಂದರೂ ನನಗೆ ತಿಳಿಸಬೇಕು ಎಂದು ಕೇಳಿಕೊಂಡ. ತಿಳಿಯಬೇಕೆನ್ನುವವರಿಗೆ ತಿಳಿಸಲು ಅಧ್ಯಯನದಲ್ಲಿ ಒಪ್ಪಿಗೆ ಇತ್ತು.

ಹೊಟ್ಟೆಯ ಹೊಲಿಗೆ ಮಾಯುವ ಹೊತ್ತಿಗೆ ಫಲ ಬಂತು. ಜೀನುಗಳ ಓಡಾಟದ ಪ್ರಕಾರ ಈ ಗಡ್ಡೆಗಳಲ್ಲಿ ಎರಡು ಗುಂಪು. ಒಂದು ಒರಟು ಜಾತಿ, ಬೇಗ ಹರಡುತ್ತದೆ. ಇನ್ನೊಂದು ಸ್ವಲ್ಪ ಸೌಮ್ಯ, ಔಷಧಿಗೂ ಬಗ್ಗುತ್ತದೆ. ಅವನದ್ದು ಎರಡನೆಯದು. ಈ ಗುಂಪಿನವರು ಸಾಮಾನ್ಯವಾಗಿ ಹೆಚ್ಚು ಕಾಲ ಚೆನ್ನಾಗಿರುತ್ತಾರೆ ಎಂದರು ಡಾಕ್ಟರಮ್ಮ. ಅವಳು ಅಲ್ಲೇ ಕುರ್ಚಿಯಲ್ಲಿ ಗಳಗಳ ಅತ್ತಳು. ಕೆಟ್ಟ ಸುದ್ದಿಗೆ ಅಳದವಳು ಒಳ್ಳೆಯದಕ್ಕೆ ಅತ್ತಳು.

ಆದರೆ ಅವಳು ಮೀಟರಣ್ಣನ ಹೆಂಡತಿ. ಮನೆಗೆ ಬಂದ ಮೇಲೆ ಆ ಮಾತನ್ನು ಬಾಯಲ್ಲಿ ಹೊರಳಿಸಿದಳು. ಸಾಮಾನ್ಯವಾಗಿ. ಗುಂಪಿನವರು. ಊಟ ಸೇರಲಿಲ್ಲ. ಕಣ್ಣು ಮುಚ್ಚಲಿಲ್ಲ. ಕೆಲಸದಲ್ಲಿ ಹೋಟೆಲಿನ ಒಂದು ಹೊಸ ಹಾಸಿಗೆ ಬಟ್ಟೆ ಸುಟ್ಟು ತೂತಾಯಿತು. ಅವಳು ಇಳಿದುಹೋಗುವುದನ್ನು ಅವನು ನೋಡುತ್ತಿದ್ದ. ಕೊನೆಗೆ ಅವಳೇ ಕೇಳಿದಳು:

"ರೀ, ಅದು ನಿಮ್ಮದೇ ರೀಡಿಂಗಾ? ಇಲ್ಲಾ ಸರಾಸರಿನಾ?"

ಅವನು ಟಾರ್ಚಿಗೆ ಸೆಲ್ಲು ಹಾಕುತ್ತಿದ್ದ. ಕೈ ನಿಂತಿತು. ಕೇಳಿ ಬಂದು ಹೇಳುತ್ತೇನೆ ಎಂದ.

ಮಾರನೆಯ ದಿನ, ನಿಧಾನಕ್ಕೆ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಒಬ್ಬನೇ ಆಸ್ಪತ್ರೆಗೆ ಹೋದ. ಜೊತೆಗೆ ಬರುತ್ತೇನೆಂದರೆ, ಅಲ್ಲಿಂದ ಹಾಗೇ ಕಚೇರಿಗೂ ಹೋಗಿ ಬಿಲ್ಲಿನ ಮಿಷನ್ನು ಕೊಟ್ಟು ಬರಬೇಕು, ನೀನು ಯಾಕೆ ಎಂದ. ಸಂಜೆ ಬಂದವನು ಚಪ್ಪಲಿ ಬಿಡುವ ಮೊದಲೇ ಹೇಳಿದ:

"ನಂದೇ ರೀಡಿಂಗು ಕಣೆ. ಸರಾಸರಿ ಅಲ್ಲ. ಡಾಕ್ಟರಮ್ಮನ ಬಾಯಿಂದ್ಲೇ ಕೇಳ್ಕೊಂಡ್ ಬಂದೆ. ಏಳು, ಊಟಕ್ಕೆ ಹಾಕು."

ಅವನು ಅಂಕಿಯ ವಿಷಯದಲ್ಲಿ ಸುಳ್ಳು ಹೇಳಿದ್ದನ್ನು ಅವಳು ಕಂಡಿರಲಿಲ್ಲ. ಅವತ್ತು ಹೊಟ್ಟೆ ತುಂಬ ಉಂಡಳು. ಮಲಗಿದವಳಿಗೆ ಬೆಳಗಾದದ್ದೇ ಗೊತ್ತಾಗಲಿಲ್ಲ.

ಆಮೇಲೆ ಔಷಧಿ ಏರಿಸುವ ತಿಂಗಳುಗಳು. ಆ ಔಷಧಿಗೆ ಒಂದು ಗುಣವಿತ್ತು. ತಣ್ಣನೆಯದು ಏನು ಮುಟ್ಟಿದರೂ ಬೆರಳಿಗೆ ಕರೆಂಟು ಹೊಡೆದ ಹಾಗಾಗುತ್ತಿತ್ತು. ಸ್ಟೀಲಿನ ಲೋಟ ಹಿಡಿದವನು ಕಿರುಚಿ ಕೈಬಿಟ್ಟ. ಲೋಟ ಉರುಳಿ ಮಂಚದಡಿ ಸೇರಿತು. ಅವಳು ಬಗ್ಗಿ ಅದನ್ನು ತೆಗೆಯುವಾಗ ಅವನು ಹೇಳಿದ:

"ಜೀವಮಾನ ಎಲ್ಲ ಮೀಟ್ರಿಗೆ ಕೈ ಹಾಕಿದೀನಿ, ಒಂದ್ ದಿನ ಹೊಡ್ಸ್ಕೊಂಡಿಲ್ಲ. ಈಗ ನೋಡು, ಮನೆ ಲೋಟಾನೇ ಹೊಡೀತಿದೆ."

ಅವಳು ಲಾಂಡ್ರಿಯಿಂದ ಹರಿದ ಹಾಸಿಗೆ ಬಟ್ಟೆ ತಂದು ಪಟ್ಟಿ ಸೀಳಿ, ಮನೆಯಲ್ಲಿದ್ದ ಕಬ್ಬಿಣಕ್ಕೆಲ್ಲ ಸುತ್ತಿದಳು. ನಲ್ಲಿಗೆ, ಬಾಗಿಲ ಚಿಲಕಕ್ಕೆ, ಗೇಟಿನ ಅಗಳಿಗೆ. ಮನೆಯೇ ಏಟು ತಿಂದು ಬ್ಯಾಂಡೇಜು ಹಾಕಿಸಿಕೊಂಡ ಹಾಗೆ ಕಾಣುತ್ತಿತ್ತು. ಅವಳು ಲಾಂಡ್ರಿಯಲ್ಲಿ ಎರಡು ಪಾಳಿ ಮಾಡತೊಡಗಿದಳು. ರೀಡಿಂಗು ಒಳ್ಳೆಯದಿತ್ತಲ್ಲ. ಅವನು ಎದ್ದು ಓಡಾಡುವ ದಿನಕ್ಕೆ ಮನೆ ಸರಿಯಾಗಿರಬೇಕು. ಜೊತೆಗೆ ಕೂರಲು ಆಮೇಲೆ ಬೇಕಾದಷ್ಟು ಹೊತ್ತಿದೆ ಎಂದುಕೊಂಡಳು.

ಅರ್ಧ ದಾರಿಯಲ್ಲಿ ಅವನು ಸೋತ. ಬಾಯೆಲ್ಲ ಹುಣ್ಣು. ಪಾದ ನೆಲಕ್ಕೆ ತಾಗಿದ್ದು ಗೊತ್ತಾಗುತ್ತಿರಲಿಲ್ಲ. ಡಾಕ್ಟರಮ್ಮ ಬೇಕಾದರೆ ನಿಲ್ಲಿಸೋಣ, ಮುಂದುವರಿಸುವುದಾದರೆ ಮುಂದುವರಿಸೋಣ, ನೀವೇ ಯೋಚಿಸಿ ಎಂದಿದ್ದರು. ಅವನು ಗೋಡೆ ಕಡೆ ಮುಖ ಮಾಡಿ, ಸಾಕು ಅನ್ನಿಸುತ್ತಿದೆ ಕಣೆ ಎಂದ. ಅವಳು ಇಸ್ತ್ರಿ ಮಾಡಿ ಮಾಡಿ ಸುಟ್ಟ ಕೈಯಲ್ಲಿ ಅವನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿದಳು.

"ರೀಡಿಂಗ್ ನಿಮ್ಮದೇ ಅಂದ್ಮೇಲೆ ಬಿಡೋದ್ಯಾಕೆ? ಹಲ್ ಕಚ್ಚಿ ಮುಗ್ಸಿಬಿಡಿ."

ಅವನು ಅವಳನ್ನೇ ನೋಡಿದ. ಏನೋ ಹೇಳಲು ಬಾಯಿ ತೆರೆದ ಹಾಗಿತ್ತು. ಆಮೇಲೆ, ಸರಿ, ಹೋಗೋಣ ಎಂದ. ಹಲ್ಲು ಕಚ್ಚಿ ಎಲ್ಲವನ್ನೂ ಮುಗಿಸಿದ.

ಮುಗಿಸಿ ಬಂದ ಮೇಲೆ ತೆಗೆದ ಸ್ಕ್ಯಾನಿನಲ್ಲಿ ಲಿವರಿನ ತುಂಬ ಚುಕ್ಕೆಗಳಿದ್ದವು. ಕೆಲವೇ ವಾರ. ಅಷ್ಟೆ.

ಮಣ್ಣು ಮಾಡಿ ಬಂದ ಮೇಲೆ ಮಗಳು ಅವಳನ್ನು ತನ್ನ ಊರಿಗೆ ಕರೆದುಕೊಂಡು ಹೋದಳು. ಮಗಳು ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ಹಗಲೆಲ್ಲ ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ. ಅವಳು ಕಿಟಕಿಯ ಮುಂದೆ ಕೂತು ಒಂದೇ ವಿಷಯವನ್ನು ಹಿಂಡಿದಳು. ಅಂಕಿ ಒಳ್ಳೆಯದಿತ್ತು. ಸರಾಸರಿಯಲ್ಲ, ಅವನದೇ. ಮನುಷ್ಯ ಸತ್ತ. ಹಾಗಾದರೆ ಒಂದೇ ದಾರಿ ಉಳಿಯಿತು. ಅದು ಅವನ ಅಂಕಿಯೇ ಅಲ್ಲ. ಆಸ್ಪತ್ರೆಯಲ್ಲಿ ಎರಡು ಚೂರು ಅದಲುಬದಲಾಗಿವೆ. ಎಲ್ಲೋ ಒಂದು ಮನೆಯಲ್ಲಿ ಒಬ್ಬ, ತನ್ನದು ಒರಟು ಜಾತಿ ಎಂದು ಕೇಳಿ ಹೆದರಿ ಮೂಲೆ ಹಿಡಿದವನು, ಇವತ್ತಿಗೂ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದಾನೆ.

ಸಂಜೆ ಮಗಳು ಬರುವುದನ್ನೇ ಕಾದಳು. ಮಗಳಿಗೆ ಹೇಳಿದಳು. ಮಗಳು ಗಾಬರಿಯಾಗಿ, ಅಮ್ಮಾ ನಿಂಗೆ ನಿದ್ದೆಯಿಲ್ಲ, ಅದಕ್ಕೆ ಹೀಗೆಲ್ಲ ಎಂದಳು. ಅವಳು ಆಸ್ಪತ್ರೆಗೆ ಹೋಗಲು ಬಸ್ಸು ಹತ್ತಿದಳು.

ಡಾಕ್ಟರಮ್ಮ ಅವಳನ್ನು ಕಂಡು ಎದ್ದು ನಿಂತರು. ಸಮಾಧಾನ ಹೇಳಲು ಹೊರಟವರನ್ನು ಅವಳು ತಡೆದಳು.

"ಚೂರು ಅದಲುಬದಲಾಗಿದೆ. ನೋಡಿ."

ಮುದುಕಿಯ ಕತೆ ಹೇಳಿದಳು. ಮೇನ್ ಆರಿಸಿ ನೋಡಿದ್ದನ್ನು ಹೇಳಿದಳು. ಡಾಕ್ಟರಮ್ಮ ಅವಳನ್ನು ಹುಚ್ಚಿ ಎನ್ನಲಿಲ್ಲ. ಕೇಳಬೇಕಾದ್ದನ್ನೇ ಕೇಳಿದ್ದೀರಿ, ಹಾಗೆ ಆಗಬಾರದು, ಆಗಿದೆಯೋ ಇಲ್ಲವೋ ನೋಡುವ ದಾರಿಯಿದೆ ಎಂದರು. ಅವನ ರಕ್ತ ಸ್ವಲ್ಪ ತೆಗೆದಿಟ್ಟಿತ್ತು. ಉಳಿದ ಚೂರು ಹೆಪ್ಪುಗಟ್ಟಿ ಹಾಗೇ ಇತ್ತು. ಎರಡರ ಗುರುತೂ ಒಬ್ಬನೇ ಮನುಷ್ಯನದ್ದೋ ಎಂದು ತಾಳೆ ನೋಡಿ ಹೇಳುತ್ತೇನೆ, ಮುಂದಿನ ತಿಂಗಳು ಬನ್ನಿ ಎಂದರು. ಅವಳು ಮಗಳ ಮನೆಗೆ ಮರಳಿ ಕಾದಳು.

ಕರೆ ಬಂದ ದಿನ ಬಸ್ಸಿಳಿದು ನೇರ ಆಸ್ಪತ್ರೆಗೇ ಹೋದಳು. ಡಾಕ್ಟರಮ್ಮ ಬಾಗಿಲು ಮುಂದೆ ಮಾಡಿ ಬಂದು ಅವಳ ಪಕ್ಕದ ಕುರ್ಚಿಯಲ್ಲೇ ಕೂತರು. ಅದನ್ನು ನೋಡಿಯೇ ಅವಳಿಗೆ ಅರ್ಧ ತಿಳಿಯಿತು.

ಅದಲುಬದಲಾಗಿರಲಿಲ್ಲ. ಚೂರು ಅವನದೇ. ಜೀನುಗಳ ಓಡಾಟವನ್ನೂ ಮತ್ತೆ ಅಳೆಸಿದ್ದರು. ಮತ್ತೆ ಅದೇ ಸೌಮ್ಯ ಗುಂಪು.

"ಹಾಗಾದ್ರೆ ಹೇಗೆ ಸತ್ರು?" ಅವಳು ಕೇಳಿದಳು. "ರೀಡಿಂಗ್ ಸರಿ ಇತ್ತು ಅಂತೀರಿ."

ಡಾಕ್ಟರಮ್ಮ ನಿಧಾನವಾಗಿ ಹೇಳಿದರು. ಒಳ್ಳೆ ಗುಂಪೆಂದರೆ ಎಲ್ಲರೂ ಉಳಿಯುವ ಗುಂಪಲ್ಲ. ಇಂಥ ಗಡ್ಡೆಯಿದ್ದ ನೂರಾರು ಜನರನ್ನು ನೋಡಿ, ಅವರೆಲ್ಲ ಎಷ್ಟು ಕಾಲ ಇದ್ದರೆಂದು ಕೂಡಿಸಿ ಹೇಳುವ ಮಾತು ಅದು. ಅದರಲ್ಲಿ ಬಹಳ ವರ್ಷ ಇದ್ದವರೂ ಇದ್ದಾರೆ, ಬೇಗ ಹೋದವರೂ ಇದ್ದಾರೆ. ಯಾರು ಯಾರು ಎಂದು ಮೊದಲೇ ಹೇಳುವಷ್ಟು ನಮಗಿನ್ನೂ ಗೊತ್ತಿಲ್ಲ.

"ಇದನ್ನ ನಿಮ್ಮೆಜಮಾನ್ರಿಗೂ ಹೇಳಿದ್ದೆ," ಎಂದರು. "ಒಂದಿನ ಒಬ್ರೇ ಬಂದಿದ್ರಲ್ಲ, ಆಗ. ನಂದೇ ರೀಡಿಂಗಾ ಅಂತ ಅವ್ರೂ ಕೇಳಿದ್ರು. ಅಲ್ಲ, ಗುಂಪಿಂದು ಅಂತ ಬಿಡಿಸಿ ಹೇಳ್ದೆ. ಏಳುವಾಗ ಒಂದು ಮಾತು ಹೇಳಿದ್ರು. ನಂಗದು ಅರ್ಥ ಆಗ್ಲಿಲ್ಲ, ಮರ್ತೂ ಹೋಗ್ಲಿಲ್ಲ. 'ಹಾಗಾದ್ರೆ ಇದು ಬೀಗದ ಮನೆ ಬಿಲ್ಲು ಡಾಕ್ಟರಮ್ಮ' ಅಂದ್ರು. ಏನು ಹಾಗಂದ್ರೆ?"

ಅವಳು ಮೇಜಿನ ಅಂಚು ನೋಡುತ್ತಾ ವಿವರಿಸಿದಳು. ಪಾಠ ಒಪ್ಪಿಸುವ ಹುಡುಗಿಯ ಹಾಗೆ.

"ಮನೆಗೆ ಬೀಗ ಇದ್ರೆ ಮೀಟ್ರು ನೋಡಕ್ಕಾಗಲ್ಲ. ಆಗ ಹಿಂದಿಂದೆಲ್ಲ ನೋಡಿ ಸರಾಸರಿ ಹಾಕ್ತಾರೆ. ಬಿಲ್ ಮೇಲೆ ಅಂಕಿ ಇರುತ್ತೆ. ಹೆಸರೂ ಇರುತ್ತೆ. ಆದ್ರೆ ಆ ಮನೆ ಒಳಗೆ ಯಾರೂ ನೋಡಿರಲ್ಲ. ಒಳಗೆ ಏನಾಗ್ತಿದೆ ಅಂತ..."

ಅವಳು ತಲೆಯೆತ್ತಿ ಡಾಕ್ಟರಮ್ಮನನ್ನು ನೋಡಿದಳು.

ಅವನಿಗೆ ಗೊತ್ತಿತ್ತು. ಚಪ್ಪಲಿ ಬಿಡುವ ಮೊದಲೇ ನಂದೇ ರೀಡಿಂಗು ಎಂದಾಗ ಗೊತ್ತಿತ್ತು. ಏಳು ಊಟಕ್ಕೆ ಹಾಕು ಎಂದಾಗ ಗೊತ್ತಿತ್ತು. ಇಡೀ ಜೀವಮಾನದಲ್ಲಿ ಒಬ್ಬರಿಗೂ ಬೀಗದ ಮನೆ ಬಿಲ್ಲು ಹಾಕದವನು, ಕಳ್ಳನೆನ್ನಿಸಿಕೊಂಡರೂ ಹಾಕದವನು, ಒಬ್ಬರಿಗೆ ಹಾಕಿದ್ದ. ಅವಳಿಗೆ.

ಆಮೇಲೆ ಇನ್ನೊಂದು ಬಂತು. ಅದು ಇದಕ್ಕಿಂತ ಜೋರಾಗಿ ಹೊಡೆಯಿತು. ಅವನು ಗೋಡೆ ಕಡೆ ತಿರುಗಿ ಸಾಕು ಎಂದಿದ್ದ. ಅವಳು ಗಲ್ಲ ಹಿಡಿದು ತಿರುಗಿಸಿದ್ದಳು. ರೀಡಿಂಗ್ ನಿಮ್ಮದೇ ಅಂದ್ಮೇಲೆ ಬಿಡೋದ್ಯಾಕೆ. ಆಗ ಅವನು ಬಾಯಿ ತೆರೆದಿದ್ದು ಇದನ್ನು ಹೇಳಲಿಕ್ಕೆ. ಹೇಳಿದರೆ ಅವಳ ಊಟ, ಅವಳ ನಿದ್ದೆ ಎಲ್ಲ ಹೋಗುತ್ತಿತ್ತು. ಹೇಳದಿದ್ದರೆ ಎದ್ದು ಹೋಗಿ ಮತ್ತೆ ಸೂಜಿ ಚುಚ್ಚಿಸಿಕೊಳ್ಳಬೇಕಿತ್ತು. ಅವನು ಎದ್ದು ಹೋದ.

ಡಾಕ್ಟರಮ್ಮ ನೀರು ಕೊಟ್ಟರು. ಸ್ಟೀಲಿನ ಲೋಟ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಕುಡಿಯಲಿಲ್ಲ. ಔಷಧಿ ನಿಲ್ಲಿಸಿದ್ದರೆ ಇನ್ನೂ ಬೇಗ ಹೋಗುತ್ತಿದ್ದರೇನೋ, ಹಾಗೆಲ್ಲ ಯೋಚಿಸಬೇಡಿ ಎಂದು ಡಾಕ್ಟರಮ್ಮ ಹೇಳುತ್ತಿದ್ದದ್ದು ದೂರದಿಂದ ಕೇಳಿದ ಹಾಗೆ ಕೇಳಿತು. ಅವಳು ಕೈ ಮುಗಿದು ಹೊರಗೆ ಬಂದಳು.

ಬಸ್ಸಿನಲ್ಲಿ ಸಿಟ್ಟು ಬಂತು. ಗೊತ್ತಿದ್ದರೆ ಎರಡು ಪಾಳಿ ಮಾಡುತ್ತಿದ್ದಳೇ? ಊರವರ ಹಾಸಿಗೆ ಬಟ್ಟೆಯ ಸುಕ್ಕು ತೆಗೆಯುತ್ತಾ ನಿಲ್ಲುತ್ತಿದ್ದಳೇ? ಅವನ ಪಕ್ಕ ಕೂತಿರುತ್ತಿದ್ದಳು. ಸುಮ್ಮನೆ ಕೂತಿರುತ್ತಿದ್ದಳು. ಅಷ್ಟನ್ನೂ ಅವನು ಒಬ್ಬನೇ ನುಂಗಿದ. ಕಿಟಕಿಯ ಸರಳಿಗೆ ಹಣೆಯಿಟ್ಟು, ಮೋಸಗಾರ ಎಂದಳು. ಮುಂದಿನ ಸೀಟಿನವನು ತಿರುಗಿ ನೋಡಿ ಪಕ್ಕಕ್ಕೆ ಸರಿದು ಕೂತ.

ತನ್ನ ಮನೆಗೆ ಎಷ್ಟೋ ದಿನಗಳ ಮೇಲೆ ಬಂದಳು. ಗೇಟಿನ ಅಗಳಿಗೆ ಸುತ್ತಿದ ಬಟ್ಟೆ ಕಪ್ಪಗಾಗಿತ್ತು. ಬಾಗಿಲ ಸಂದಿಯಲ್ಲಿ ಒಂದು ಚೀಟಿ ಸಿಕ್ಕಿಸಿತ್ತು. ಕರೆಂಟಿನ ಬಿಲ್ಲು. ಅಂಕಿ ಓದಲು ಅವಳಿಗೆ ಕನ್ನಡಕ ಬೇಕಿರಲಿಲ್ಲ.

ಎರಡು ಜನ ಇರುವ ಮನೆಯ ಅಂಕಿ ಅದು. ಹಿಂದಿನ ಕೋಣೆಯಲ್ಲಿ ಅವನ ಫ್ಯಾನು, ಅವನ ಮಂಚದ ಪಕ್ಕದ ಬಲ್ಬು, ಅವನ ಮೈಗೆ ಕಾಯಿಸಿದ ಬಿಸಿನೀರು, ಎಲ್ಲ ಸೇರಿದ ಅಂಕಿ. ಕೆಳಗೆ ಮೂಲೆಯಲ್ಲಿ ಬೀಗ ಎಂದು ಅಚ್ಚಾಗಿತ್ತು. ಅವಳು ಹೊಸ್ತಿಲಲ್ಲೇ ಕುಸಿದು ಕೂತಳು. ಕಚೇರಿಯ ಪ್ರಕಾರ ಈ ಮನೆಯಲ್ಲಿ ಯಾರೂ ಸತ್ತಿರಲಿಲ್ಲ.

ಆ ಹೊತ್ತಿಗೆ ಪಕ್ಕದ ಬೀದಿಯಲ್ಲಿ ನಾಯಿ ಬೊಗಳುತ್ತಿತ್ತು. ಮೀಟರಿನವರು ಬಂದರೆ ಮಾತ್ರ ಅದು ಹಾಗೆ ಬೊಗಳುವುದು. ಅವಳು ಎದ್ದು ಹೋದಳು. ಕನ್ನಡಕ ಹಾಕಿದ ಒಬ್ಬ ಹೆಂಗಸು ಒಂದು ಗೇಟಿನ ಹೊರಗೆ ಕೊಡೆ ಬಿಚ್ಚಿಕೊಂಡು ನಿಂತಿದ್ದಳು. ಮೀಟರಣ್ಣನ ಕೈಕೆಳಗೆ ಕೆಲಸ ಕಲಿತು, ಈಗ ಅವನ ಬೀದಿಗಳನ್ನು ನೋಡಿಕೊಳ್ಳುವವಳು. ಅವನು ಮಂಚ ಹಿಡಿದಾಗ ಹಣ್ಣು ತಂದಿದ್ದಳು, ಮಣ್ಣಿಗೂ ಬಂದಿದ್ದಳು. ಕೈಯಲ್ಲಿ ಬಿಲ್ಲು ಹಿಡಿದು ಬಂದವಳನ್ನು ಕಂಡು ಅವಳ ಮುಖ ಇಷ್ಟಾಯಿತು.

"ಎರಡ್ ಸಲ ಬಂದೆ ಅಕ್ಕ. ನೀವಿರ್ಲಿಲ್ಲ. ಅಣ್ಣ ಇದ್ದಿದ್ರೆ ಕಾಂಪೌಂಡ್ ಹತ್ತಿರೋರು, ನಂಗೆ ಈ ಮಂಡೀಲಿ ಆಗಲ್ಲ. ಮುಂದಿನ್ ತಿಂಗ್ಳು ತಾನಾಗೇ ಸರಿಹೋಗುತ್ತೆ ಬಿಡಿ."

"ಸರಿಹೋಗಲ್ಲ," ಎಂದಳು ಅವಳು. "ಬಾ. ನೋಡಿ ಬರಿ."

ಇಬ್ಬರೂ ಮನೆಗೆ ಬಂದರು. ಅವಳು ಒಳಗಿನಿಂದ ಸ್ಟೂಲು ತಂದು ಮೀಟರಿನ ಕೆಳಗೆ ಇಟ್ಟಳು. ಮಂಡಿ ನೋವಿನವಳನ್ನು ಹತ್ತಿಸದೆ ತಾನೇ ಹತ್ತಿದಳು. ಸೊಂಟ ಹಿಡಿದುಕೊಳ್ಳಲು ಈಗ ಯಾರೂ ಇರಲಿಲ್ಲ. ಗೋಡೆ ಹಿಡಿದು ನಿಂತು ಅಂಕಿ ಓದಿ ಹೇಳಿದಳು.

ಕನ್ನಡಕದವಳು ಮಿಷನ್ನಿಗೆ ಒತ್ತಲು ಹೋದವಳು ತಡೆದು ನಿಂತಳು. ಹಿಂದಿನ ಅಂಕಿಗೂ ಇದಕ್ಕೂ ನಡುವೆ ಏನೂ ಇರಲಿಲ್ಲ ಎನ್ನುವಷ್ಟು ಕಡಿಮೆ.

"ಇಷ್ಟೇನಾ ಅಕ್ಕ? ಇನ್ನೊಂದ್ಸಲ ನೋಡ್ತೀರಾ?"

ತನ್ನದೇ ಮಾತನ್ನು ಬೇರೆಯವರ ಬಾಯಲ್ಲಿ ಕೇಳಿದ ಹಾಗಾಯಿತು ಅವಳಿಗೆ. ಆಸ್ಪತ್ರೆಯ ಮಂಚದ ಪಕ್ಕ ನಿಂತು ಇದನ್ನೇ ಹೇಳಿದ್ದಳು. ಮತ್ತೆ ಮೀಟರಿನ ಕಡೆ ತಿರುಗಿದಳು. ನೋಡಿದಳು. ಅಷ್ಟೇ ಇತ್ತು.

"ಅಷ್ಟೇ. ಒಬ್ಳೇ ಇರೋದು. ಅದೂ ಮನೇಲಿರ್ಲಿಲ್ಲ. ಅಷ್ಟೇ ಬರಿ."

ಹೇಳಿದ ಮೇಲೆ ಅಳು ಬಂತು. ಸ್ಟೂಲಿನ ಮೇಲೆ ನಿಂತುಕೊಂಡೇ, ಮೀಟರಿನ ಪೆಟ್ಟಿಗೆಗೆ ತಲೆ ಕೊಟ್ಟು ಅತ್ತಳು. ಕನ್ನಡಕದವಳು ಕೊಡೆ, ಮಿಷನ್ನು ಕೆಳಗಿಟ್ಟು ಅವಳ ಎರಡೂ ಕಾಲು ಹಿಡಿದುಕೊಂಡು ನಿಂತಳು, ಬೀಳದ ಹಾಗೆ.

ಇಳಿದ ಮೇಲೆ ಹೊಸ ಬಿಲ್ಲು ಹರಿದು ಕೊಟ್ಟಳು. ಹಳೆಯದನ್ನು ಕೇಳಿದಳು, ಕಚೇರಿಗೆ ಕೊಟ್ಟು ರದ್ದು ಮಾಡಿಸಬೇಕಂತೆ. ಅವಳು ಹಳೇ ಬಿಲ್ಲನ್ನು ಮಡಚಿ ಮುಷ್ಟಿಯಲ್ಲಿ ಇಟ್ಟುಕೊಂಡಳು.

"ಇದು ನನ್ ಹತ್ರ ಇರ್ಲಿ."

"ಅದು ನಿಜವಾದ್ದಲ್ಲ ಅಕ್ಕ. ಸುಮ್ನೆ ಅಂದಾಜಿಂದು."

"ಗೊತ್ತು," ಎಂದಳು. ಸ್ಟೂಲು ಎತ್ತಿಕೊಂಡು ಒಳಗೆ ಹೋದಳು.